ಆರ್ಡರ್ ಬರುವ ಮೊದಲಿನ ಶಾಲು

ಸೋಮವಾರ ಬೆಳಿಗ್ಗೆ ಕಚೇರಿಯ ಮೆಟ್ಟಿಲು ಹತ್ತುವಾಗ ಕುಬೇರಪ್ಪನವರಿಗೆ ತಮ್ಮನ್ನು ಕರೆಯದವರ ಮನೆಗೆ ಊಟಕ್ಕೆ ಬಂದ ಹಾಗೆ ಅನ್ನಿಸಿತು. ಶನಿವಾರವಷ್ಟೇ ಇದೇ ಮೆಟ್ಟಿಲ ಮೇಲೆ ನಿಲ್ಲಿಸಿ ಅವರ ಫೋಟೊ ತೆಗೆದಿದ್ದರು. ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ಇಡೀ ಕಚೇರಿ ಗೇಟಿನ ತನಕ ಬಂದು, "ಹೋಗಿ ಬರ್ರಿ ಸರ, ನಮ್ಮನ್ನ ಮರೀಬ್ಯಾಡ್ರಿ" ಎಂದು ಬೀಳ್ಕೊಟ್ಟಿತ್ತು. ಹಾಗೆ ಹೋದವರು ನಡುವೆ ಒಂದು ಭಾನುವಾರ ಕಳೆದು ತಿರುಗಿ ಬಂದರೆ ನೋಡಿದವರು ಏನೆಂದಾರು?

ವರಾಂಡದ ಕಸ ಹೊಡೆಯುತ್ತಿದ್ದ ಜವಾನ ಫಕ್ಕೀರಪ್ಪ ಕಸಬರಿಗೆ ಹಿಡಿದುಕೊಂಡೇ ನಿಂತ.

"ಸಾಹೇಬ್ರ, ಏನರ ಮರತು ಹೋಗಿದ್ರೇನ್ರಿ?"

"ಹೌದಪಾ, ನೌಕರಿ ಮರತು ಹೋಗಿದ್ದೆ" ಎಂದು ಕುಬೇರಪ್ಪನವರು ಸೀದಾ ಒಳಗೆ ನಡೆದರು. ಕಿಟಕಿಯ ಪಕ್ಕದ ಅವರ ಮೇಜಿನ ಮೇಲೆ ಸಹೋದ್ಯೋಗಿ ಚನ್ನೇಶ ಆಗಲೇ ತನ್ನ ಹೆಲ್ಮೆಟ್ಟು, ನೀರಿನ ಬಾಟಲಿ ಇಟ್ಟು ಜಾಗ ಹಿಡಿದಿದ್ದ. ಇವರನ್ನು ಕಂಡವನೇ ಎರಡನ್ನೂ ಬಗಲಲ್ಲಿ ಹಿಡಿದುಕೊಂಡು, ಒಂದು ಮಾತೂ ಆಡದೆ, ತನ್ನ ಹಳೆಯ ಮೇಜಿಗೆ ವಾಪಸಾದ. ಅವನ ಮಟ್ಟಿಗೆ ಅದು ದೊಡ್ಡ ಸೌಜನ್ಯವೇ. ಯಾಕೆಂದರೆ ಚನ್ನೇಶ ಮಾತಾಡದೆ ಇರುವುದು ನಿದ್ದೆಯಲ್ಲಿ ಮಾತ್ರ, ಅದೂ ಸಂಶಯವೇ ಎಂದು ಅವನ ಹೆಂಡತಿ ಹೇಳುತ್ತಿದ್ದಳು.

ಹಾನಗಲ್ಲಿನ ಒಂದು ಸರಕಾರಿ ಕಚೇರಿ ಇದು. ಯಾವ ಇಲಾಖೆಯದು ಎಂದು ಕೇಳಬೇಡಿ; ಉಳಿದ ಕೆಲಸ ಹೇಗಾದರೂ ಇರಲಿ, ನೋಟಿಸು ಕಳಿಸುವುದರಲ್ಲಿ ಅಲ್ಲಿಯವರು ಬಹಳ ಚುರುಕು. ತಿಳವಳ್ಳಿಯ ಕುಬೇರಪ್ಪನವರು ಅಲ್ಲಿ ಪ್ರಥಮ ದರ್ಜೆ ಸಹಾಯಕರು. ಹುಡುಗನಾಗಿದ್ದಾಗಲೇ ಗುಮಾಸ್ತನ ಕೆಲಸಕ್ಕೆ ಸೇರಿದವರು ಸುತ್ತಲಿನ ತಾಲ್ಲೂಕುಗಳನ್ನೆಲ್ಲ ತಿರುಗಿಬಂದಿದ್ದರು. ಶಿಗ್ಗಾಂವದಲ್ಲಿದ್ದಾಗ ಅದೇ ಊರಿನ ವೀರವ್ವನ ಜೊತೆ ಮದುವೆಯಾಯಿತು. ಸವಣೂರಿನಲ್ಲಿ ವೀಳ್ಯದೆಲೆಯ ರುಚಿ ಹತ್ತಿತು. ಹಿರೇಕೆರೂರಿನಲ್ಲಿ ಕನ್ನಡಕ ಬಂತು. ಹಾನಗಲ್ಲಿಗೆ ಬಂದು ಕಿಟಕಿಯ ಪಕ್ಕ ಕೂತಾಗ ಮೀಸೆ ಬೆಳ್ಳಗಾಗಿತ್ತು. ಇನ್ನು ಬರಬೇಕಾದದ್ದು ಒಂದೇ ಒಂದು, ಅಧೀಕ್ಷಕರ ಹುದ್ದೆ. ಜನರ ಬಾಯಲ್ಲಿ ಹೇಳುವುದಾದರೆ ಸೂಪರಿಂಟೆಂಡೆಂಟ್.

ಆ ಹುದ್ದೆಗೆ ಪಗಾರ ಎಷ್ಟು ಹೆಚ್ಚೆಂದು ಕೇಳಿದ್ದರೆ ಕುಬೇರಪ್ಪನವರು ತಡವರಿಸುತ್ತಿದ್ದರೇನೋ. ಅವರ ಕಣ್ಣಿದ್ದದ್ದು ಟವೆಲ್ ಮೇಲೆ. ಗುಮಾಸ್ತರ ಖುರ್ಚಿಯ ಬೆನ್ನು ಬರಿದು. ಅಧೀಕ್ಷಕರ ಖುರ್ಚಿಯ ಬೆನ್ನಿಗೆ ಬಿಳಿ ಟರ್ಕಿ ಟವೆಲ್ ಬೀಳುತ್ತದೆ. ಸಾಹೇಬರ ಖುರ್ಚಿಗೂ ಬೀಳುತ್ತದೆ, ಅದು ಸ್ವಲ್ಪ ದಪ್ಪ. ಹಾಗೆಂದು ಯಾವ ಕಾಯಿದೆಯಲ್ಲೂ ಬರೆದಿಲ್ಲ. ಆದರೂ ಬೋಳು ಖುರ್ಚಿಗೆ ತಾನೇ ಟವೆಲ್ ಹೊದಿಸಿಕೊಂಡು ಕೂತ ಗುಮಾಸ್ತನನ್ನು ಆ ಭಾಗದಲ್ಲಿ ಯಾರೂ ಕಂಡಿಲ್ಲ.

ಹಿಂದಿನ ಅಧೀಕ್ಷಕರು ನಿವೃತ್ತರಾದ ಮೇಲೆ ಆ ಕೆಲಸದ ಪ್ರಭಾರ ಕುಬೇರಪ್ಪನವರಿಗೇ ಬಂದಿತ್ತು. ತಿಂಗಳುಗಟ್ಟಲೆ ಆ ಕೆಲಸವನ್ನೆಲ್ಲ ಅವರೇ ಮಾಡಿದರು. ಮಾಡಿದ್ದು ಮಾತ್ರ ತಮ್ಮ ಬೋಳು ಖುರ್ಚಿಯಲ್ಲಿ ಕೂತು. "ಒಳಗ ಹೋಗಿ ಕುಂದರ್ರಿ ಸರ, ಫ್ಯಾನರ ಐತಿ" ಎಂದು ಚನ್ನೇಶ ಎಷ್ಟು ಸಲ ಹೇಳಿದರೂ ಅವರದು ಒಂದೇ ಉತ್ತರ.

"ಕೆಲಸಕ್ಕ ಆರ್ಡರ್ ಐತಿ. ಖುರ್ಚಿಗೆ ಇಲ್ಲ."

ಬಾಯಿಮಾತಿನ ಆದೇಶಕ್ಕೆ ಅವರು ಜನ್ಮದಲ್ಲಿ ಕಿವಿಗೊಟ್ಟವರಲ್ಲ. ಸಾಹೇಬರು ಫೋನಿನಲ್ಲಿ ಏನಾದರೂ ಮಾಡು ಅಂದರೆ, "ಅದನ್ನ ಒಂದು ಚೀಟಿ ಮ್ಯಾಲ ಬರದು ಕಳಸ್ರಿ ಸರ" ಎಂದು ಫೋನು ಇಡುವವರು. ಅಂಥ ಮನುಷ್ಯ ಒಂದೇ ಒಂದು ಸಲ ಬಾಯಿಮಾತು ನಂಬಿದರು, ಕೆಟ್ಟರು.

ಆದದ್ದಿಷ್ಟು. ಜಿಲ್ಲೆಯಲ್ಲಿ ಅಧೀಕ್ಷಕರ ಎರಡು ಖುರ್ಚಿ ಖಾಲಿ ಇದ್ದವು, ಒಂದು ಇಲ್ಲಿಯೇ ಹಾನಗಲ್ಲಿನಲ್ಲಿ, ಇನ್ನೊಂದು ಸವಣೂರಿನಲ್ಲಿ. ಸರತಿಯಲ್ಲಿ ಮುಂದಿದ್ದವರೂ ಇಬ್ಬರೇ. ಮೊದಲು ನೇತ್ರಾ ಎಂಬ ಹೆಣ್ಣುಮಗಳು, ಅವಳ ಹಿಂದೆಯೇ ಕುಬೇರಪ್ಪನವರು. ಎರಡು ಖುರ್ಚಿ, ಇಬ್ಬರು ಮಂದಿ. ಲೆಕ್ಕ ಬಿಡಿಸಲು ಗಣಿತ ಬೇಕಿರಲಿಲ್ಲ. ಶುಕ್ರವಾರ ಹಾವೇರಿಯಿಂದ ಪರಿಚಯದವರೊಬ್ಬರು ಫೋನು ಮಾಡಿ, "ಬಡ್ತಿ ಆರ್ಡರಿಗೆ ಸಹಿ ಆತು!" ಎಂದು ಹೇಳಿಬಿಟ್ಟರು. ಬಡ್ತಿ ಎಂದರೆ ಊರು ಬದಲಾಗುವುದು ರೂಢಿ, ಹಾಗಾಗಿ ಕುಬೇರಪ್ಪನವರಿಗೆ ಸವಣೂರು ಖಾಯಂ ಎಂದು ಕಚೇರಿಯೇ ತೀರ್ಮಾನಿಸಿತು. ಕಾಗದ ಕೈಗೆ ಬರಲಿ ಎಂದು ಅವರು ಅಂದದ್ದೇನೋ ನಿಜ. ಆದರೆ ಫಕ್ಕೀರಪ್ಪ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು, "ಆಯತವಾರ ಅಮಾಸಿ ಐತ್ರಿ. ಅಮಾಸಿ ಆದಮ್ಯಾಲ ಶಾಲು ಹೊಚ್ಚೂದು ಛಲೋ ಅಲ್ಲ. ನಾಳೇನ ಮುಗಿಸಿಬಿಡೂಣ್ರಿ" ಎಂದ. ಅಮಾವಾಸ್ಯೆಯ ಮುಂದೆ ಯಾರ ವಾದವೂ ನಡೆಯಲಿಲ್ಲ. ಹೀಗೆ ಆರ್ಡರ್ ಬರುವ ಮೊದಲೇ ಶಾಲು ಬಂತು.

ಬೀಳ್ಕೊಡುಗೆ ಎಂದ ಮೇಲೆ ಭಾಷಣ ಬೇಕೇ ಬೇಕು. ಚನ್ನೇಶ ಎದ್ದು ನಿಂತು ಕೈ ಬೀಸಿದ: "ನಮ್ಮ ನಿಮ್ಮ ಎಲ್ಲಾರ ಕಣ್ಣು ತಪ್ಪತಾವ. ಕುಬೇರಪ್ಪ ಸರ ಅವರ ಕಣ್ಣು ತಪ್ಪೂದಿಲ್ಲ! ಅವರು ಬರದ ಟಿಪ್ಪಣಿ ತಪ್ಪಂತ ತಿರುಗಿ ಬಂದದ್ದು ನಾ ನೋಡೇ ಇಲ್ಲ." ಚಪ್ಪಾಳೆ ಬಿತ್ತು. ಕುಬೇರಪ್ಪನವರು ತಲೆ ತಗ್ಗಿಸಿ ಶಾಲಿನ ಅಂಚು ನೋಡುತ್ತಿದ್ದರೂ ಒಂದೊಂದು ಶಬ್ದವನ್ನೂ ಗಟ್ಟಿಯಾಗಿ ಹಿಡಿದಿಟ್ಟುಕೊಂಡರು. ಸಂಜೆ ಮನೆಗೆ ಹೋಗಿ ವೀರವ್ವನಿಗೆ ಅದನ್ನು ಒಪ್ಪಿಸಿದರು. ಊಟಕ್ಕೆ ಕೂತಾಗ ಮತ್ತೊಮ್ಮೆ ಒಪ್ಪಿಸಿದರು. ವೀರವ್ವ ಅಂದೇ ಟ್ರಂಕಿನಿಂದ ಎರಡು ಬಿಳಿ ಟವೆಲ್ ತೆಗೆದು ಮಂಚದ ಮೇಲೆ ಇಟ್ಟರು. ಹೋದ ಸಲ ತವರಿಗೆ ಹೋದಾಗ ಶಿಗ್ಗಾಂವದ ಬಟ್ಟೆ ಅಂಗಡಿಯಲ್ಲಿ ಆರಿಸಿ ತಂದಿದ್ದವು, ಒಂದು ಹಾಕಲಿಕ್ಕೆ, ಒಂದು ಒಗೆಯಲಿಕ್ಕೆ.

ಭಾನುವಾರ, ಅಮಾವಾಸ್ಯೆಯ ಮಧ್ಯಾಹ್ನ, ಹೋಳಿಗೆ ಬಾಯಲ್ಲಿರುವಾಗಲೇ ಆರ್ಡರಿನ ಪ್ರತಿ ಮೊಬೈಲಿಗೆ ಬಂತು. ಎರಡು ಖುರ್ಚಿಯಲ್ಲಿ ಸರಕಾರ ಒಂದನ್ನು ಮಾತ್ರ ತುಂಬಿತ್ತು. ಸವಣೂರಿನದು ಖಾಲಿಯೇ ಉಳಿಯಿತು. ಹಾನಗಲ್ಲಿನ ಅಧೀಕ್ಷಕರ ಹುದ್ದೆ ನೇತ್ರಾಳಿಗೆ ಹೋಗಿತ್ತು.

ಈ ನೇತ್ರಾ ಹೊರಗಿನವಳೇನಲ್ಲ, ಅದೇ ನೋಡಿ ಕಷ್ಟ. ಪರೀಕ್ಷೆ ಬರೆದು ನೇರವಾಗಿ ಪ್ರಥಮ ದರ್ಜೆಗೆ ಸೇರಿ, ಕುಬೇರಪ್ಪನವರ ಎದುರಿನ ಮೇಜಿನಲ್ಲಿ ಕೂತು, ಟಿಪ್ಪಣಿ ಬರೆಯುವುದನ್ನು ಅವರಿಂದಲೇ ಕಲಿತವಳು. ಇವರು ಕೆಳಗಿನ ದರ್ಜೆಯಿಂದ ಬಡ್ತಿ ಪಡೆದು ಪ್ರಥಮ ದರ್ಜೆಗೆ ಬಂದದ್ದು ಅವಳು ಸೇರಿದ ಮೇಲೆ. ಅವಳು ಬಸುರಿಯಾಗಿದ್ದಾಗ ವೀರವ್ವ ದಿನಾ ಅವಳ ಪಾಲಿನ ರೊಟ್ಟಿಯನ್ನೂ ಬುತ್ತಿಯಲ್ಲಿ ಕಟ್ಟುತ್ತಿದ್ದರು. ಹೆತ್ತ ಮೇಲೆ ಬಾಣಂತಿಯರಿಗೆ ಕೊಡುವ ಅಂಟಿನುಂಡಿ ಮಾಡಿ ಕಳಿಸಿದ್ದರು. ಹೆರಿಗೆ ರಜೆ ಮುಗಿಸಿ ಅವಳು ಬಂದ ಕೆಲದಿನಕ್ಕೆ ಜಿಲ್ಲೆಯ ಜ್ಯೇಷ್ಠತಾ ಪಟ್ಟಿ ಬಂತು, ಅಂದರೆ ಯಾರು ಯಾರಿಗಿಂತ ಹಿರಿಯರು ಎನ್ನುವ ಪಟ್ಟಿ. ಅದರಲ್ಲಿ ಅವಳು ರಜೆಯಿಂದ ವಾಪಸಾದ ದಿನವನ್ನೇ ಯಾರೋ ಕೆಲಸಕ್ಕೆ ಸೇರಿದ ದಿನವೆಂದು ಬರೆದು, ಹೆಸರನ್ನು ತೀರಾ ಕೆಳಗೆ ತಳ್ಳಿದ್ದರು. ನೇತ್ರಾಳಿಗೆ ಅದು ಗೊತ್ತೂ ಇರಲಿಲ್ಲ. ಕುಬೇರಪ್ಪನವರ ಕಣ್ಣಿಗೆ ಬಿತ್ತು. ಅವರೇ ಟಿಪ್ಪಣಿ ಬರೆದು, ಹಿಂದೆ ಬಿದ್ದು, ತಿದ್ದಿಸಿದರು. ಅವಳ ಹೆಸರು ಮೇಲೇರುತ್ತ ಏರುತ್ತ ಬಂದು ಸರಿಯಾಗಿ ಇವರ ಹೆಸರಿನ ಮೇಲೆ ಕೂತಿತು.

"ಸರ, ತಲಿ ಮ್ಯಾಲ ಕೂಡ್ರಿಸಿಕೊಂಡ್ರಲ್ಲ!" ಎಂದು ಚನ್ನೇಶ ಅಂದೇ ನಕ್ಕಿದ್ದ.

"ಅಕಿ ಜಾಗಾನ ಅದು" ಎಂದಿದ್ದರು ಇವರು. ಆಮೇಲೆ ನೇತ್ರಾಳಿಗೆ ಹಿರೇಕೆರೂರಿಗೆ ವರ್ಗವಾಯಿತು, ಆ ಮಾತು ಅಲ್ಲಿಗೇ ಮರೆತುಹೋಗಿತ್ತು.

ಈಗ ಅದೇ ಮಾತು ವೀರವ್ವನ ಬಾಯಲ್ಲಿ ಎದ್ದು ಕೂತಿತು. "ಅಕಿಗೆ ನಾ ಕಳಿಸಿದ ಉಂಡಿ ಎಲ್ಲಾ ವಾಪಸ್ ಕೊಡ್ಲಿ ಮೊದಲ!" ಎಂದು ಅವರು ಸೋಮವಾರವಿಡೀ ಪಾತ್ರೆ ಕುಕ್ಕಿದರು. "ತಿಳವಳ್ಳಿಯಾಗ ನಿಮ್ಮ ಹೆಣ್ಣಮಕ್ಕಳೆಲ್ಲಾ ನನ್ನ ಸೂಪರಿಂಟೆಂಡೆಂಟ್ ವೀರವ್ವ ಅಂತ ಕರೀತಾರ. ಈಗ ಏನಂತ ಮಾರಿ ತೋರಸ್ಲಿ?"

ಕುಬೇರಪ್ಪನವರ ಸಂಕಟವೇನು ಕಡಿಮೆ ಇತ್ತೇ? ಅವರ ನೌಕರಿ ಇನ್ನು ಬಹಳ ಉಳಿದಿರಲಿಲ್ಲ. ಈ ಸಲ ತಪ್ಪಿದ್ದು ಮತ್ತೆ ಬರುವ ಭರವಸೆ ಇರಲಿಲ್ಲ. ಜೊತೆಗೆ, ತಾವೇ ಕಲಿಸಿದ ಹುಡುಗಿಗೆ ತಾವೇ ಎದ್ದು ನಿಂತು ನಮಸ್ಕಾರ ಹೇಳಬೇಕು. ಅವರಿಗೆ ಹೊಟ್ಟೆ ಉರಿಯಿತು. ಉರಿಯುತ್ತಿದೆ ಎಂದು ಗೊತ್ತಾಗಿ ನಾಚಿಕೆಯೂ ಆಯಿತು. ನಾಚಿಕೆಯಾದರೂ ಉರಿ ಆರಲಿಲ್ಲ.

ಚನ್ನೇಶ ನೌಕರರ ಸಂಘದ ಪದಾಧಿಕಾರಿ. ಬೇರೆಯವರಿಗಾದ ಅನ್ಯಾಯ ಕಂಡರೆ ಅವನಿಗೆ ಹಸಿವು ನಿದ್ದೆ ಇಲ್ಲ. ಅನ್ಯಾಯ ಆಗಿರಲಿ ಬಿಡಲಿ, ಅದು ಬೇರೆ ಮಾತು. ಮಂಗಳವಾರ ಬಸ್ ನಿಲ್ದಾಣದ ಎದುರಿನ ಅಯಾಜ್‌ನ ಚಹಾದಂಗಡಿಗೆ ಇವರನ್ನು ಕರೆದೊಯ್ದು, ಮಿರ್ಚಿ ಹೇಳಿ, ಟೈಪು ಮಾಡಿಸಿದ ತಕರಾರು ಅರ್ಜಿ ಎದುರಿಗಿಟ್ಟ.

"ಸರ, ನೇತ್ರಾಂದು ತಿದ್ದುಪಡಿ ಆತಲ್ಲ, ಅದರ ಟಿಪ್ಪಣಿ ಬರದಾವ್ರು ನೀವು. ಅದು ತಪ್ಪಾಗಿತ್ತು ಅಂತ ನೀವ ಹೇಳಿದ್ರ ಮತ್ಯಾರು ಇಲ್ಲ ಅಂತಾರ? ಅಕಿ ಬಡ್ತಿಗೆ ತಡೆ ಬೀಳತೈತಿ. ಪಟ್ಟಿಯಾಗ ಮುಂದಿನ ಹೆಸರು ನಿಮ್ದು. ಒಂದ ಸಹಿ ಸರ, ಖುರ್ಚಿ ನಿಮ್ದು. ಅಕಿ ಗುರುವಾರ ಹಾಜರಾಗೂದರೊಳಗ ಕೊಡಬೇಕು."

"ಮನೀಗೆ ಒಯ್ದು ಓದ್ತೇನಿ" ಎಂದು ಕುಬೇರಪ್ಪನವರು ಅದನ್ನು ಮಡಚಿ ಜೇಬಿಗಿಟ್ಟುಕೊಂಡರು. ಬೇಡ ಎನ್ನಲಿಲ್ಲ, ಅದನ್ನು ಮುಚ್ಚಿಡುವುದೇಕೆ. ಮನೆಯ ತನಕ ನಡೆಯುತ್ತ ಜೇಬನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು. ಖುರ್ಚಿಯ ಮೇಲೆ ಟವೆಲ್ ಬಿದ್ದ ಹಾಗೆ, ಸಾಹೇಬರು "ಏನ್ರಿ ಸೂಪರಿಂಟೆಂಡೆಂಟ್ರ" ಎಂದು ಕರೆದ ಹಾಗೆ, ಎಲ್ಲ ಕಣ್ಣ ಮುಂದೆ ಬಂತು.

ವೀರವ್ವ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಅರ್ಜಿ ಎಂದ ಕೂಡಲೇ ಮುಖ ಅರಳಿತು. "ಜೋರಾಗಿ ಓದ್ರಿ, ಕೇಳೂಣು."

ಕುಬೇರಪ್ಪನವರು ಕನ್ನಡಕ ಏರಿಸಿ ಓದಿದರು. "ಸದರಿ ತಿದ್ದುಪಡಿಯ ಟಿಪ್ಪಣಿಯನ್ನು ನಾನು ಕಣ್ತಪ್ಪಿನಿಂದ ಬರೆದಿರುತ್ತೇನೆ..."

ಶೇಂಗಾ ಸುಲಿಯುವ ಸಪ್ಪಳ ನಿಂತಿತು.

"ಯಾರ ಕಣ್ಣು?"

"ನಂದು."

"ಮೊನ್ನೆ ಶನಿವಾರ ನಿಮ್ಮ ಕಣ್ಣು ತಪ್ಪೂದ ಇಲ್ಲಂತ ಎಲ್ಲಾರೂ ಚಪ್ಪಾಳೆ ಹೊಡದ್ರಂತ ಹೇಳಿದ್ರಿ. ಊಟಕ್ಕ ಕುಂತಾಗ ಮತ್ತೂ ಹೇಳಿದ್ರಿ."

"ಹೇಳಿದ್ದೆ."

"ಹಂಗಾರ ಯಾವುದು ಖರೆ? ಅದೋ, ಇದೋ?"

ವೀರವ್ವನದು ಕುಹಕವಾಗಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು, ಕೇಳಿದರು. ಕುಬೇರಪ್ಪನವರು ಕಾಗದವನ್ನು ತೊಡೆಯ ಮೇಲಿಟ್ಟರು. ನೌಕರಿಯುದ್ದಕ್ಕೂ ಅವರ ಹತ್ತಿರ ಬೇರೆ ಏನಿತ್ತು? ಟವೆಲ್ ಇರಲಿಲ್ಲ, ಕಾರು ಇರಲಿಲ್ಲ, ವಶೀಲಿ ಇರಲಿಲ್ಲ. ಕುಬೇರಪ್ಪ ಬರೆದದ್ದು ಎಂದರೆ ಇನ್ನೊಮ್ಮೆ ನೋಡಬೇಕಾಗಿಲ್ಲ ಎನ್ನುವ ಒಂದು ಮಾತಿತ್ತು. ಈಗ ಅದು ಸುಳ್ಳೆಂದು ತಾವೇ ಸಹಿ ಮಾಡಿ ಕೊಡಬೇಕು.

"ಕಣ್ಣು ತಪ್ಪಿಲ್ಲ" ಎಂದರು ಕೊನೆಗೆ. "ನೋಡಿ ಬರದೇನಿ. ಅಕೀದು ಸರಿ ಇತ್ತು, ಸರಿ ಮಾಡೇನಿ." ಕಾಗದವನ್ನು ಮಡಚುತ್ತ, "ಆದ್ರ ಆ ಖುರ್ಚಿ ನನಗ ಭಾಳ ಬೇಕಾಗಿತ್ತು" ಎಂದರು.

"ನನಗೂ ಬೇಕಾಗಿತ್ತು" ಎಂದರು ವೀರವ್ವ. ಒಂದು ಹಿಡಿ ಶೇಂಗಾ ಕಾಳು ಗಂಡನ ಕೈಗೆ ಹಾಕಿ, ಮತ್ತೆ ಸುಲಿಯತೊಡಗಿದರು. ಇಬ್ಬರೂ ಆ ಸಂಜೆ ಅದನ್ನೇ ಊಟ ಮಾಡಿದಷ್ಟು ತಿಂದರು.

ಬುಧವಾರ ಚನ್ನೇಶನಿಗೆ ಅರ್ಜಿ ವಾಪಸು ಬಂತು. "ಛಲೋ ಬರದೀ. ನಾ ಸಹಿ ಮಾಡೂದಿಲ್ಲ."

"ಸರ, ಇದು ಬರೇ ಜಂಬ ನಿಮ್ದು!"

"ಹೌದು, ಜಂಬಾನ. ಸರಕಾರ ಕೊಡದಿದ್ರೂ ನನ್ನ ಕಡೆ ಉಳದದ್ದು ಅದೊಂದ ಐತಿ. ಅದನ್ನೂ ನಿನಗ ಬರದು ಕೊಡ್ಲೇನು?"

ಚನ್ನೇಶ ತಲೆ ಕೆರೆದುಕೊಂಡ. ಶನಿವಾರ ಅಷ್ಟು ಜೋರಾಗಿ ಭಾಷಣ ಮಾಡಬಾರದಿತ್ತು ಎಂದು ಅವನಿಗೆ ಆಗ ಹೊಳೆಯಿತು.

ಗುರುವಾರ ನೇತ್ರಾ ಬಂದಳು. ಹಿರೇಕೆರೂರಿನ ಬಸ್ಸಿಳಿದು, ಕೈಯಲ್ಲೊಂದು ಸ್ಟೀಲಿನ ಡಬ್ಬಿ ಹಿಡಿದು, ಮೊದಲು ಬಂದದ್ದು ಕಿಟಕಿಯ ಪಕ್ಕದ ಮೇಜಿಗೆ. ಕುಬೇರಪ್ಪನವರು ಎದ್ದು ನಿಂತರು.

"ನಮಸ್ಕಾರ, ಮೇಡಂ."

"ಸರ, ಮೇಡಂ ಅನ್ನಬ್ಯಾಡ್ರಿ ನನಗ." ಅವಳ ಕಣ್ಣಲ್ಲಿ ನೀರೇ ಬಂತು. "ಎರಡೂ ಖುರ್ಚಿ ತುಂಬತಾರ ಅಂತ ತಿಳದಿದ್ದೆ. ನಿಮ್ಮನ್ನ ದಾಟಿ ಬಂದಂಗ ಆತು. ನನ್ನ ಮ್ಯಾಲ ಸಿಟ್ಟೈತೇನ್ರಿ?"

"ಐತಿ" ಎಂದರು ಕುಬೇರಪ್ಪನವರು. "ಹೊಟ್ಟಿ ಉರಿಯಾಕತ್ತೈತಿ. ನಿನ್ನಿಗಿಂತ ಇವತ್ತು ಸ್ವಲ್ಪ ಕಡಿಮಿ. ನಡೀರಿ, ಚಾರ್ಜ್ ಕೊಡ್ತೇನಿ."

ಒಳಗಿನ ಕೋಣೆಯಲ್ಲಿ ನೇತ್ರಾ ಖುರ್ಚಿಯ ಪಕ್ಕ ನಿಂತೇ ಇದ್ದಳು. "ಒಮ್ಮೆ ನೀವು ಕುಂದರ್ರಿ ಸರ, ಆಮ್ಯಾಲ ನಾ ಕುಂದ್ರತೇನಿ."

"ಆರ್ಡರ್ ಇಲ್ಲದ ಶಾಲು ಹೊಚ್ಚಿಕೊಂಡು ಒಮ್ಮೆ ಕೆಟ್ಟೇನಿ. ಇನ್ನ ಖುರ್ಚಿ ಬ್ಯಾಡ." ಅವರು ಚೀಲದಿಂದ ಬಿಳಿ ಟವೆಲ್ ತೆಗೆದು ಕೊಡವಿ, ಖುರ್ಚಿಯ ಬೆನ್ನಿಗೆ ಹೊದಿಸಿ, ಎರಡೂ ಅಂಚು ಸಮ ಮಾಡಿದರು. "ವೀರವ್ವ ಕಳಿಸ್ಯಾಳ. ಒಂದ ಕಳಿಸ್ಯಾಳ. ಇನ್ನೊಂದು ಕೊಡಾಕ ಅಕಿಗೆ ಇನ್ನೂ ಮನಸಾಗಿಲ್ಲ."

ನೇತ್ರಾ ಅಳುತ್ತಿದ್ದವಳು ನಕ್ಕುಬಿಟ್ಟಳು. ಸಂಜೆ ಅವಳು ಕೊಟ್ಟ ಡಬ್ಬಿ ಮನೆಗೆ ಬಂತು. ತೆರೆದರೆ ಅಂಟಿನುಂಡಿ. ಕುಬೇರಪ್ಪನವರು ಹೆಂಡತಿಯ ಬೇಡಿಕೆಯ ವಿಷಯ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಆ ಹುಡುಗಿ ತಾನಾಗಿಯೇ ಮಾಡಿ ತಂದಿದ್ದಳು. ವೀರವ್ವ ಬಿಗಿದ ಮುಖದಲ್ಲೇ ಒಂದು ಉಂಡಿ ಮುರಿದು ಬಾಯಿಗಿಟ್ಟುಕೊಂಡರು.

"ಬೆಲ್ಲ ಕಡಿಮಿ ಆಗೇತಿ" ಎಂದರು. ಇನ್ನೊಂದು ತೆಗೆದುಕೊಂಡು, "ಆಯತವಾರ ಬಾ ಅನ್ರಿ ಅಕಿಗೆ. ತೋರಸಬೇಕು" ಎಂದರು.

ಅಲ್ಲಿಂದ ಮುಂದೆ ಆ ಕಚೇರಿ ಛಲೋ ನಡೆಯಿತು. ಕುಬೇರಪ್ಪನವರು ಮೇಡಂ ಅನ್ನುವುದನ್ನು ಬಿಡಲಿಲ್ಲ, ನೇತ್ರಾ ಅದಕ್ಕೆ ಮುಖ ಸಿಂಡರಿಸುವುದನ್ನು ಬಿಡಲಿಲ್ಲ. ಬಾಯಿಮಾತಿನಲ್ಲಿ ಅವಳೇನಾದರೂ ಹೇಳಿದರೆ, "ಬರದು ಕೊಡ್ರಿ ಮೇಡಂ" ಎನ್ನುತ್ತಿದ್ದರು. ಅವಳು ಬರೆದು ಕೊಡುತ್ತಿದ್ದಳು, ಇವರು ಅದನ್ನೇ ತಿದ್ದಿ ವಾಪಸು ಕಳಿಸುತ್ತಿದ್ದರು. ಆಗೀಗ ಸವಣೂರಿನ ಖಾಲಿ ಖುರ್ಚಿಯ ಸುದ್ದಿ ಏಳುತ್ತಿತ್ತು, ಮಲಗುತ್ತಿತ್ತು. ಹಾಗೆ ಮಲಗಿ ಏಳುವುದರಲ್ಲೇ ಕುಬೇರಪ್ಪನವರ ನಿವೃತ್ತಿಯ ದಿನ ಬಂತು.

ಬೀಳ್ಕೊಡುಗೆಗೆ ಶಾಲು ತರಲು ಹೊರಟ ಫಕ್ಕೀರಪ್ಪನನ್ನು ಅವರು ಗೇಟಿನಲ್ಲೇ ತಡೆದರು. "ಒಬ್ಬ ಮನಶ್ಯಾಗ ಒಂದ ಶಾಲು. ನಂದು ಆಗೇತಿ." ಮನೆಯಿಂದ ಅದೇ ಹಳೆಯ ಶಾಲನ್ನು ಇಸ್ತ್ರಿ ಮಾಡಿಸಿ, ಮಡಚಿ, ತಾವೇ ತಂದಿದ್ದರು. ಈ ಸಲ ಅಮಾವಾಸ್ಯೆ ದೂರ ಇತ್ತು, ನಿವೃತ್ತಿಯ ಆರ್ಡರೂ ಕೈಯಲ್ಲಿತ್ತು. ಚನ್ನೇಶ ಎದ್ದು ನಿಂತ. "ಹಿಂದಿನ ಸಲ ಹೇಳಿದ್ದನ್ನ ಈ ಸಲ ಕಾಯಂ ಮಾಡ್ತೇನಿ. ಅವರ ಕಣ್ಣು ತಪ್ಪೂದಿಲ್ಲ. ನಾ ತಪ್ಪಸಾಕ ನೋಡಿದ್ರೂ ತಪ್ಪಲಿಲ್ಲ" ಎಂದಷ್ಟೇ ಹೇಳಿ ಕೂತ. ಅವನ ಜೀವಮಾನದಲ್ಲಿ ಅಷ್ಟು ಚಿಕ್ಕ ಭಾಷಣ ಅದೊಂದೇ.

ಆಮೇಲೆ ಕುಬೇರಪ್ಪನವರನ್ನು ವೇದಿಕೆಗೆ ಕರೆದರು. ಸಾಲಾಗಿ ಪ್ಲಾಸ್ಟಿಕ್ ಖುರ್ಚಿಗಳು, ನಡುವೆ ಒಂದೇ ಒಂದು ಕಟ್ಟಿಗೆಯ ಖುರ್ಚಿ. ಅದರ ಬೆನ್ನಿಗೆ ಬಿಳಿ ಟವೆಲ್. ನೇತ್ರಾ ತನ್ನ ಕೋಣೆಯಿಂದ ಅದನ್ನು ಹೊರಿಸಿ ತಂದಿದ್ದಳು. ಕುಬೇರಪ್ಪನವರು ಖುರ್ಚಿಯ ಎದುರು ನಿಂತೇಬಿಟ್ಟರು.

"ಇದಕ್ಕ ಆರ್ಡರ್ ಎಲ್ಲೈತ್ರಿ ಮೇಡಂ?"

"ಬಾಯಿಮಾತಿಂದು ಸರ" ಎಂದಳು ನೇತ್ರಾ. "ಈ ಕಚೇರಿ ಸೂಪರಿಂಟೆಂಡೆಂಟ್ ನಾನು. ನಾನ ಹೇಳಾಕತ್ತೇನಿ. ಕುಂದರ್ರಿ."

ಬಾಯಿಮಾತಿನ ಆದೇಶಕ್ಕೆ ಅವರು ಏನೆನ್ನುತ್ತಾರೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕುಬೇರಪ್ಪನವರು ಖುರ್ಚಿ ನೋಡಿದರು, ನೇತ್ರಾಳನ್ನು ನೋಡಿದರು, ಕೊನೆಗೆ ಮುಂದಿನ ಸಾಲಿನಲ್ಲಿ ಕೂತಿದ್ದ ವೀರವ್ವನ ಕಡೆ ನೋಡಿದರು. ವೀರವ್ವ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರೂ ಮಾತು ಮಾತ್ರ ಹಿಂದಿನ ಸಾಲಿಗೂ ಕೇಳಿಸಿತು.

"ಕುಂದರ್ರಿ ಸಾಕು. ಟವೆಲ್ ನಮ್ದ ಐತಿ."

ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಕುಬೇರಪ್ಪನವರು ಕನ್ನಡಕ ತೆಗೆದು, ಕಣ್ಣೊರೆಸಿ, ಮತ್ತೆ ಹಾಕಿಕೊಂಡು, ಕೂತರು. ಮೊದಮೊದಲು ಖುರ್ಚಿಯ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ನೇತ್ರಾ ಮಾತಾಡಿ ಮುಗಿಸುವ ಹೊತ್ತಿಗೆ ಪೂರ್ತಿ ಒರಗಿದ್ದರು.